ಬಾಗುವುದೂ ಬಾಗಿದ್ದೂ

೨೦೨೩ರ ಮಾರ್ಚ್ ೧೪, ಮಂಗಳವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ, ಪೇಟೆಂಟ್ ಕಚೇರಿಯ ಬ್ಯಾಟರಿ ಪರೀಕ್ಷಕಿಯನ್ನು ಹಿಂದೆ ಕೂರಿಸಿಕೊಂಡು ಹೊರಟಿದ್ದ ಅವಳ ಗಂಡನ ಬ್ಯಾಟರಿ ಸ್ಕೂಟರು ಮನೆಯಿಂದ ಮೂರನೆಯ ತಿರುವಿನಲ್ಲಿ ಸದ್ದಿಲ್ಲದೆ ನಿಂತುಹೋಯಿತು. ಪೆಟ್ರೋಲ್ ಗಾಡಿಯಾಗಿದ್ದರೆ ಕೆಮ್ಮಿ, ಕ್ಯಾಕರಿಸಿ, ಸಾಯುವ ಮುಂಚೆ ನಾಲ್ಕು ಮಾತಾಡಿ ಸಾಯುತ್ತಿತ್ತು. ಇದು ಹಾಗಲ್ಲ. ಮಾತಿನ ಮಧ್ಯೆ ನಿದ್ದೆ ಹೋದ ಮುದುಕರ ಹಾಗೆ ತಣ್ಣಗೆ ನಿಂತಿತು.

"ಇನ್ನೂ ಎರಡು ಕಡ್ಡಿ ಚಾರ್ಜ್ ತೋರಿಸ್ತಾ ಇದೆ ಕಣೇ," ಎಂದ ಗಂಡ, ಗಾಡಿಯ ಮುಖವನ್ನೇ ನೋಡುತ್ತ.

"ತೋರಿಸಿದ್ರೆ ಆಯ್ತಾ? ಒಳಗೂ ಇರ್ಬೇಕಲ್ಲ."

"ಹಾಗಾದ್ರೆ ಸುಳ್ಳು ಹೇಳ್ತಿದೆ ಅನ್ನು."

"ಸುಳ್ಳಲ್ಲ ರೀ. ಅದಕ್ಕೆ ಗೊತ್ತಿಲ್ಲ, ಅಷ್ಟೆ. ಗೊತ್ತಿಲ್ಲದೆ ಹೇಳೋದೇ ಬೇರೆ, ಸುಳ್ಳು ಹೇಳೋದೇ ಬೇರೆ."

"ಈ ವ್ಯತ್ಯಾಸ ಕಟ್ಕೊಂಡು ನಾನು ಗಾಡಿ ತಳ್ಳೋದು ಹಗುರ ಆಗತ್ತಾ?" ಎಂದು ಅವನು ತಳ್ಳಲು ಶುರುಮಾಡಿದ. ಅವನು ಕನ್ನಡಕದಂಗಡಿಯಲ್ಲಿ ಗಾಜು ಕೂರಿಸುವವನು. ತಡವಾದರೆ ಗಿರಾಕಿಗಳು ಮಸುಕು ಮಸುಕಾಗಿಯೇ ಕಾಯುತ್ತಾರೆ, ಅವಸರವಿಲ್ಲ. ಅವಸರವಿದ್ದದ್ದು ಅವಳಿಗೆ. ಹನ್ನೊಂದಕ್ಕೆ ವಿಚಾರಣೆ ಇತ್ತು.

ಅವಳು ಬಸ್ಸಿನ ಕಡೆ ನಡೆದಳು. ಹೆಗಲ ಚೀಲದ ಪಕ್ಕದಿಂದ ಅತ್ತೆಯ ಕೆಂಪು ಕೊಡೆಯ ಹಿಡಿ ಆಚೆ ಇಣುಕುತ್ತಿತ್ತು. ಬೆಳಿಗ್ಗೆ ಬಾಗಿಲಲ್ಲಿ ಅದಕ್ಕೂ ಒಂದು ಸಣ್ಣ ಯುದ್ಧವೇ ಆಗಿತ್ತು.

"ಮೋಡ ಆಗಿದೆ, ಕೊಡೆ ತಗೊಂಡು ಹೋಗಮ್ಮ."

"ಅತ್ತೆ, ಇವತ್ತೊಂದು ದಿನ ನನ್ನೆದುರಿಗೆ ಕೊಡೆ ಮಾತು ಎತ್ತಬೇಡಿ."

"ಯಾಕೆ, ಕೊಡೆ ಏನು ಪಾಪ ಮಾಡಿದೆ?" ಎಂದು ಅತ್ತೆ ಅದನ್ನು ಚೀಲಕ್ಕೆ ತುರುಕಿಯೇ ಬಿಟ್ಟಿದ್ದರು.

ಕೊಡೆ ಮಾಡಿದ ಪಾಪವನ್ನು ಹೇಳಬೇಕಾದರೆ ಕಚೇರಿಯ ಮಾತು ಎತ್ತಬೇಕು.

ಪೇಟೆಂಟ್ ಕಚೇರಿಯ ನಾಲ್ಕನೆಯ ಮಹಡಿಯಲ್ಲಿ ಉದ್ದನೆಯ ಒಂದು ಕೋಣೆ. ಅಲ್ಲಿ ಪರೀಕ್ಷಕರು ಒಬ್ಬೊಬ್ಬರಿಗೆ ಒಂದೊಂದು ಮೇಜು, ಒಂದೊಂದು ಮೇಜಿಗೆ ಒಂದೊಂದು ವಿಷಯ. ಯಾರಾದರೂ ಹೊಸದೇನನ್ನಾದರೂ ಕಂಡುಹಿಡಿದೆವೆಂದು ಅರ್ಜಿ ಹಾಕಿದರೆ, ಅದು ನಿಜವಾಗಿ ಹೊಸದೇ, ಅಥವಾ ಹಳೆಯ ಹೆಂಡವನ್ನು ಹೊಸ ಬುಡ್ಡಿಗೆ ಸುರಿದಿದ್ದಾರೆಯೇ ಎಂದು ನೋಡುವುದು ಇವರ ಕೆಲಸ. ಹಳೆಯದೆಂದು ಕಂಡರೆ ಆಕ್ಷೇಪಣೆ ಬರೆಯುತ್ತಾರೆ. ಅರ್ಜಿದಾರ ಒಪ್ಪದಿದ್ದರೆ ಮುಖ್ಯಸ್ಥರ ಎದುರು ವಿಚಾರಣೆ. ಅಲ್ಲಿ ಆಕ್ಷೇಪಣೆ ನಿಲ್ಲಬಹುದು, ಬೀಳಬಹುದು.

ಈಗಿನ ಮುಖ್ಯಸ್ಥರು ಬಂದಮೇಲೆ ಒಂದು ನಿಯಮ ತಂದಿದ್ದರು: ಒಂದೇ ವರ್ಷದಲ್ಲಿ ಯಾರ ಮೂರು ಆಕ್ಷೇಪಣೆ ಬೀಳುತ್ತವೋ ಅವರು ಮೂಲೆಯ ಮೇಜಿಗೆ, ಮೂಲೆಯವರು ಅವರ ಮೇಜಿಗೆ. ಮೂಲೆಯ ಮೇಜಿನ ವಿಷಯ ಕೊಡೆ, ಬಾಚಣಿಗೆ ಮತ್ತು ಬಾಟಲಿ ಮುಚ್ಚಳ. ನಮ್ಮ ಪರೀಕ್ಷಕಿಯವು ಈ ವರ್ಷ ಎರಡು ಬಿದ್ದಿದ್ದವು. ಮೂರನೆಯದು ಇವತ್ತು ಹನ್ನೊಂದಕ್ಕೆ.

ಕಿಟಕಿಯ ಪಕ್ಕದ ಬ್ಯಾಟರಿ ಮೇಜು ಅವಳಿಗೆ ಸುಮ್ಮನೆ ಸಿಕ್ಕಿದ್ದಲ್ಲ. ಭೌತಶಾಸ್ತ್ರ ಓದುವಾಗ ಕಾಲೇಜಿನ ಪ್ರಯೋಗಾಲಯದಲ್ಲಿ ಸೆಲ್‌ಗಳ ವೋಲ್ಟೇಜನ್ನು ಗಂಟೆಗೊಮ್ಮೆ ಬರೆದುಕೊಂಡು ಎರಡು ಬೇಸಿಗೆ ಕಳೆದವಳು. ಆ ಮೇಜು ಬೇಕೆಂದು ನಾಲ್ಕು ಸಲ ಅರ್ಜಿ ಕೊಟ್ಟು, ಕೊನೆಗೆ ಸಿಕ್ಕ ದಿನ ಕಚೇರಿಗೆಲ್ಲ ಸಿಹಿ ಹಂಚಿದ್ದಳು. ಅಂದಿನಿಂದಲೂ ಅವಳ ಮೇಜಿನ ಖಾನೆಯಲ್ಲಿ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿದ, ಮಿಲಿಮೀಟರಿನ ಹತ್ತರಲ್ಲೊಂದು ಪಾಲನ್ನೂ ಅಳೆಯುವ ಒಂದು ವರ್ನಿಯರ್ ಕ್ಯಾಲಿಪರ್. ಪೆನ್ನು ಕೈಗೆ ಬರುವುದಕ್ಕಿಂತ ಬೇಗ ಅದು ಬರುತ್ತಿತ್ತು. ಹಾಗಾಗಿ ಕಚೇರಿಯಲ್ಲಿ ಅವಳು ಎಲ್ಲರ ಬಾಯಲ್ಲೂ 'ವರ್ನಿಯರಕ್ಕ'.

ಇವತ್ತಿನ ಅರ್ಜಿಯ ವಿಷಯ ಸ್ಕೂಟರಿನವರಿಗೆಲ್ಲ ಸಂಬಂಧಿಸಿದ್ದು. ದೊಡ್ಡ ಬ್ಯಾಟರಿಯೆಂದರೆ ಸಾಲಾಗಿ ನಿಲ್ಲಿಸಿದ ಸಣ್ಣ ಸೆಲ್‌ಗಳು. ಪ್ರತಿಯೊಂದು ಸೆಲ್ ಹೇಗಿದೆ ಎಂದು ನಿಗಾ ಇಡಲು ಒಂದೊಂದಕ್ಕೂ ತಂತಿ ಬೇಕು. ಮೊದಲೆಲ್ಲ ತಂತಿಯ ಗೋಜಲು. ಈಗ ಕಾಗದದಷ್ಟು ತೆಳುವಾದ ಪ್ಲಾಸ್ಟಿಕ್ ಪಟ್ಟಿ, ಅದರೊಳಗೆ ತಾಮ್ರದ ಗೆರೆಗಳು. ಹೆಸರು ಫ್ಲೆಕ್ಸ್ ಸರ್ಕ್ಯೂಟು. ಪ್ರತಿ ಸೆಲ್ಲಿನ ತಲೆಗೂ ಈ ಪಟ್ಟಿಯನ್ನು ಬೆಸೆಯುತ್ತಾರೆ. ತೊಂದರೆ ಎಲ್ಲಿ ಎಂದರೆ, ಸೆಲ್‌ಗಳು ಚಾರ್ಜ್ ಆಗುವಾಗ ಕೂದಲೆಳೆಯಷ್ಟು ಊದಿಕೊಳ್ಳುತ್ತವೆ, ಖಾಲಿಯಾಗುವಾಗ ಇಳಿಯುತ್ತವೆ, ವಯಸ್ಸಾದಂತೆ ಮನುಷ್ಯರ ಹಾಗೆ ಊದಿಕೊಂಡೇ ಉಳಿಯುತ್ತವೆ. ಬಿಗಿಯಾಗಿ ಬೆಸೆದ ಪಟ್ಟಿ ಎಳೆದು ಎಳೆದು ಒಂದು ದಿನ ಬೆಸುಗೆ ಬಿಡುತ್ತದೆ. ಆಮೇಲೆ ಆ ಸೆಲ್ಲಿನ ಸುದ್ದಿ ಯಾರಿಗೂ ತಿಳಿಯದು.

ಅರ್ಜಿ ಹಾಕಿದವಳು ಒಂದು ಸಣ್ಣ ಕಾರ್ಖಾನೆಯ ಒಡತಿ. ಎರಡು ಬೆಸುಗೆಗಳ ನಡುವೆ ಪಟ್ಟಿಗೆ ಒಂದು ಡುಬ್ಬ ಕೊಟ್ಟರೆ ಸೆಲ್ ಊದಿದಾಗ ಡುಬ್ಬ ಇಳಿಯುತ್ತದೆ, ಬೆಸುಗೆ ಉಳಿಯುತ್ತದೆ ಎನ್ನುವುದು ಅವಳ ಉಪಾಯ. ಪೇಟೆಂಟ್ ಅರ್ಜಿಯಲ್ಲಿ 'ಇಷ್ಟು ನನ್ನದು' ಎಂದು ಬೇಲಿ ಹಾಕುವ ಒಂದು ವಾಕ್ಯವಿರುತ್ತದೆ. ಕಚೇರಿಯಲ್ಲಿ ಅದಕ್ಕೆ ಕ್ಲೇಮು ಎನ್ನುತ್ತಾರೆ. ಇವಳ ಕ್ಲೇಮು ಹೀಗಿತ್ತು: 'ಎರಡು ಬೆಸುಗೆಗಳ ನಡುವೆ ಕನಿಷ್ಠ ಮೂರು ಮಿಲಿಮೀಟರ್ ಎತ್ತರಕ್ಕೆ ಬಾಗುವ ಪಟ್ಟಿ.'

ಪರೀಕ್ಷಕಿ ಹಳೆಯ ಪೇಟೆಂಟುಗಳ ರಾಶಿಯಲ್ಲಿ ಹುಡುಕಿ ಒಂದನ್ನು ತೆಗೆದಿದ್ದಳು. ಅದರ ನಾಲ್ಕನೆಯ ಚಿತ್ರದಲ್ಲಿ ಎರಡು ಬೆಸುಗೆಗಳ ನಡುವಿನ ಗೆರೆ ಸ್ವಲ್ಪ ಮೇಲೆದ್ದಿತ್ತು. ವರ್ನಿಯರ್ ಇಟ್ಟಳು. ಮೂರು ಪಾಯಿಂಟ್ ಒಂದು. 'ಹಳೆಯ ಚಿತ್ರದಲ್ಲೇ ೩.೧ ಮಿಲಿಮೀಟರ್ ಡುಬ್ಬ ಇದೆ, ಆದ್ದರಿಂದ ಇದು ಹೊಸದಲ್ಲ' ಎಂದು ಆಕ್ಷೇಪಣೆ ಬರೆದು ಕಳಿಸಿದಳು. ಅದು ಅಕ್ಟೋಬರಿನ ಮಾತು.

ಇವತ್ತು ಕಚೇರಿ ತಲುಪಿದವಳು ವಿಚಾರಣೆಗೆಂದು ಅದೇ ಚಿತ್ರದ ಹೊಸ ಪ್ರತಿ ತೆಗೆದಳು. ಓಣಿಯ ಕೊನೆಗೆ ಹೊಸ ಪ್ರಿಂಟರ್ ಬಂದಿತ್ತು. ಬಿಸಿ ಬಿಸಿ ಹಾಳೆಯನ್ನು ಮೇಜಿಗೆ ತಂದು ಹಾಕಿದಳು. ಕೈ ತನ್ನಷ್ಟಕ್ಕೆ ಖಾನೆಗೆ ಹೋಯಿತು, ವರ್ನಿಯರ್ ತನ್ನಷ್ಟಕ್ಕೆ ಚಿತ್ರದ ಮೇಲೆ ಕೂತಿತು.

ಎರಡು ಪಾಯಿಂಟ್ ಒಂಬತ್ತು.

ಕನ್ನಡಕ ಒರೆಸಿಕೊಂಡು ಮತ್ತೆ ಇಟ್ಟಳು. ಎರಡು ಪಾಯಿಂಟ್ ಒಂಬತ್ತು. ಅಕ್ಟೋಬರಿನ ಹಾಳೆಯನ್ನು ಫೈಲಿನಿಂದ ತೆಗೆದು ಅಳೆದಳು. ಮೂರು ಪಾಯಿಂಟ್ ಒಂದು. ಎರಡೂ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಕಿಟಕಿಗೆ ಹಿಡಿದಳು. ಹೊಸ ಪ್ರಿಂಟರು ಚಿತ್ರವನ್ನು ಹಾಳೆಗೆ ಹೊಂದಿಸಲು ಸುತ್ತಲೂ ಒಂದಿಷ್ಟು ಕುಗ್ಗಿಸಿತ್ತು.

ಪ್ರಿಂಟರ್ ಮಾಡಿದ್ದು ಸಣ್ಣ ಚೇಷ್ಟೆ. ತಾನು ಮಾಡಿದ್ದು ದೊಡ್ಡ ಪೆದ್ದುತನ. ಆ ಹಳೆಯ ಪೇಟೆಂಟಿನಲ್ಲಿ ಚಿತ್ರ ಇಷ್ಟಕ್ಕೆ ಇಷ್ಟು ಎಂಬ ಅಳತೆಯೇ ಇರಲಿಲ್ಲ. ಡುಬ್ಬದ ಬಗ್ಗೆ ಬರವಣಿಗೆಯಲ್ಲೂ ಒಂದು ಮಾತಿಲ್ಲ. ಬರೆದವನ ಕೈ ನಡುಗಿ ಗೆರೆ ಮೇಲೆದ್ದಿತೋ ಏನೋ. ಕಾಗದದ ಮೇಲಿನ ಮಿಲಿಮೀಟರು ಕಾಗದದ್ದು, ಬ್ಯಾಟರಿಯದ್ದಲ್ಲ. ಪೇಟೆಂಟ್ ಚಿತ್ರವನ್ನು ಅಳೆಯಬಾರದು ಎನ್ನುವುದು ಈ ಕಚೇರಿಯ ಮೊದಲ ದಿನದ ಮೊದಲ ಪಾಠ. ಹೊಸಬರಿಗೆ ಆ ಪಾಠ ಹೇಳಿಕೊಡುವವಳು ಯಾರು? ವರ್ನಿಯರಕ್ಕನೇ. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ ಎಂದರೆ ಇದೇ.

ಆಗಲೇ ಗಂಡನ ಫೋನು ಬಂತು. "ಮೆಕ್ಯಾನಿಕ್ ಬಿಚ್ಚಿ ನೋಡಿದ. ಒಳಗೆ ಒಂದು ಸೆಲ್ಲಿನ ಮೇಲೆ ಪಟ್ಟಿ ಬೆಸುಗೆ ಬಿಟ್ಟಿದೆಯಂತೆ. ಮೀಟರ್‌ಗೆ ಸುದ್ದೀನೇ ಹೋಗ್ತಿರ್ಲಿಲ್ವಂತೆ. ನೀನು ಹೇಳಿದ್ದೇ ಸರಿ, ಅದಕ್ಕೆ ಗೊತ್ತಿರ್ಲಿಲ್ಲ."

"ಹ್ಞೂಂ," ಎಂದಳು. "ನನಗೂ ಗೊತ್ತಿರ್ಲಿಲ್ಲ."

"ಏನು?"

"ಏನಿಲ್ಲ. ಸಂಜೆ ಹೇಳ್ತೀನಿ."

ಚಹಾ ಮೂಲೆಯಲ್ಲಿ ಕೊಡೆಯಣ್ಣ ಲೋಟ ಹಿಡಿದು ನಿಂತಿದ್ದ. ಮೂಲೆಯ ಮೇಜಿನ ಪರೀಕ್ಷಕ. ಕೊಡೆ, ಬಾಚಣಿಗೆ, ಬಾಟಲಿ ಮುಚ್ಚಳಗಳ ನಡುವೆ ತಲೆ ನರೆಸಿಕೊಂಡವನು, ನಾಲಿಗೆ ಮಾತ್ರ ಹರೆಯದ್ದು. ಬ್ಯಾಟರಿ ಮೇಜಿನ ಮೇಲೆ ಅವನಿಗೆ ಬಹಳ ವರ್ಷಗಳಿಂದ ಕಣ್ಣು. ಅದನ್ನು ಅವನು ಮುಚ್ಚಿಟ್ಟವನೂ ಅಲ್ಲ.

"ಏನ್ ವರ್ನಿಯರಕ್ಕಾ, ಮುಖ ಹೀಗಿದೆ? ಕಿಟಕಿ ಪರದೆ ಒಗೆಸಿ ಇಡಿ, ಸೋಮವಾರ ನಾನು ಅಲ್ಲಿಗೆ ಬರ್ತೀನಿ."

"ಬನ್ನಿ ಕೊಡೆಯಣ್ಣ," ಎಂದಳು ಅವಳು, ನಗದೆ. "ಬರೋ ಹಾಗೇ ಆಗಿದೆ."

ಅವನ ಲೋಟ ಅರ್ಧ ದಾರಿಯಲ್ಲಿ ನಿಂತಿತು. ಅವಳು ಎರಡು ಹಾಳೆ, ಎರಡು ಅಂಕಿ, ಒಂದು ತಪ್ಪನ್ನು ಹೇಳಿದಳು. ಅವನು ಪೂರ್ತಿ ಕೇಳಿಸಿಕೊಂಡು, ಮೊದಲು ಚೆನ್ನಾಗಿ ನಕ್ಕ.

"ನೀವು! ಚಿತ್ರ! ಅಳೆದ್ರಿ! ನನ್ನ ಮೊದಲ ದಿನ ಚಿತ್ರದ ಮೇಲೆ ಬೆರಳಿಟ್ಟಿದ್ದಕ್ಕೇ ನನ್ನ ಗುರುಗಳು ಸ್ಕೇಲಲ್ಲಿ ಹೊಡೆದಿದ್ರು."

"ನಗಿ ನಗಿ. ಹನ್ನೊಂದಕ್ಕೆ ಒಳಗೆ ಹೋಗಬೇಕಾದವಳು ನಾನು."

"ಸರಿ, ಅರ್ಜಿದಾರರ ಕಡೆಯವರು ಇದನ್ನ ಗಮನಿಸಿದ್ದಾರಾ?"

"ಅವರ ಉತ್ತರದಲ್ಲಿ ಇಲ್ಲ."

"ಹಂಗಾದ್ರೆ ಬಾಯಿ ಮುಚ್ಕೊಂಡು ಕೂತ್ರೆ ನಡಿಯತ್ತೆ."

"ನಡಿಯತ್ತೆ," ಎಂದಳು. ಅವಳು ಲೋಟ ತೊಳೆದು ಕವುಚಿಟ್ಟಳು. "ಆದ್ರೆ ನಡೆಸಲ್ಲ. ಎರಡು ಕಡ್ಡಿ ಇದೆ ಅಂತ ತೋರಿಸ್ಕೊಂಡು ದಾರೀಲಿ ನಿಂತ ಗಾಡೀನ ಬೆಳಿಗ್ಗೆ ತಾನೇ ಬೈದು ಬಂದಿದ್ದೀನಿ."

ಕೊಡೆಯಣ್ಣ ತಲೆ ಕೆರೆದುಕೊಂಡ. "ಕ್ಲೇಮು ಓದಿ ನೋಡೋಣ."

ಅವಳು ಓದಿದಳು. ಕನಿಷ್ಠ ಮೂರು ಮಿಲಿಮೀಟರ್ ಎತ್ತರಕ್ಕೆ ಬಾಗುವ ಪಟ್ಟಿ.

"ಬಾಗುವ?"

"ಬಾಗುವ."

"ಬಾಗಿದ ಅಲ್ಲ?"

"ಅಲ್ಲ, ಬಾಗು-ವ."

"ಅಯ್ಯೋ ತಾಯಿ, ಇದು ನಮ್ಮ ಮೂಲೆ ಜಗಳ ಕಣ್ರೀ! ಮಡಚಿದ ಕೊಡೆ ಬೇರೆ, ಮಡಚುವ ಕೊಡೆ ಬೇರೆ. ಎರಡು ಅಕ್ಷರಕ್ಕೆ ಎರಡು ಕೊಡೆ ಕಂಪನಿಯವರು ನನ್ನ ಮೇಜಿನ ಮುಂದೆ ಕಾಲರ್ ಹಿಡ್ಕೊಂಡಿದ್ದಾರೆ. ಬಾಗುವ ಅಂದ್ರೆ ಏನು? ಬಾಗಬಹುದು ಅಂತ. ನನ್ನ ಬೆಲ್ಟೂ ಬಾಗತ್ತೆ. ನಮ್ಮ ಮುಖ್ಯಸ್ಥರನ್ನ ಬಿಟ್ರೆ ಈ ಕಚೇರೀಲಿ ಎಲ್ಲಾನೂ ಬಾಗತ್ತೆ. ಆ ಹಳೇ ಪಟ್ಟಿ ಬಾಗಲ್ವಾ?"

ಪರೀಕ್ಷಕಿ ಅವನನ್ನೇ ನೋಡಿದಳು. ಹಳೆಯ ಪಟ್ಟಿಯೂ ಫ್ಲೆಕ್ಸ್. ಬೆರಳಲ್ಲಿ ಒತ್ತಿದರೆ ಮೂರಲ್ಲ, ಮೂವತ್ತು ಮಿಲಿಮೀಟರ್ ಬಾಗುತ್ತದೆ. ಚಿತ್ರದಲ್ಲಿ ಡುಬ್ಬ ಹುಡುಕುವ ಅಗತ್ಯವೇ ಇರಲಿಲ್ಲ. ಕ್ಲೇಮಿನ ಮಾತೇ ಅಡ್ಡಗೋಡೆಯ ಮೇಲಿಟ್ಟ ದೀಪ: ಹಳೆಯದರ ಮೇಲೂ ಬೆಳಕು, ಹೊಸದರ ಮೇಲೂ ಬೆಳಕು.

"ಅಂಕಿ ನೋಡ್ತಾ ನೋಡ್ತಾ ಕ್ರಿಯಾಪದ ನೋಡ್ಲೇ ಇಲ್ಲ ನಾನು."

"ಅದಕ್ಕೇ ಹೇಳೋದು, ಆಗಾಗ ಮೂಲೆಗೆ ಬರ್ತಿರಿ ಅಂತ," ಎಂದ ಕೊಡೆಯಣ್ಣ. ಆಮೇಲೆ ಹಣೆ ಚಚ್ಚಿಕೊಂಡ. "ಛೆ, ಇದನ್ನ ಹೇಳ್ಕೊಟ್ಟು ನನ್ನ ಕಿಟಕಿಗೆ ನಾನೇ ಬೀಗ ಹಾಕ್ಕೊಂಡ್ನಾ?"

"ಇಲ್ಲ," ಎಂದಳು ಅವಳು. "ಬರೆದ ಆಕ್ಷೇಪಣೆ ಬೀಳೋದು ಬಿದ್ದೇ ಬೀಳತ್ತೆ."

ವಿಚಾರಣೆಯ ಕೋಣೆಯಲ್ಲಿ ಉದ್ದ ಮೇಜು, ನೀರಿನ ಲೋಟಗಳು, ಯಾರೂ ತೆಗೆಯದ ಒಂದು ಕಿಟಕಿ. ತಲೆಯ ಕಡೆ ಮುಖ್ಯಸ್ಥರು. ನೆಟ್ಟ ಬೆನ್ನು, ಮೂಗಿನ ತುದಿಯಲ್ಲಿ ಕನ್ನಡಕ. ಎದುರುಗಡೆ ಅರ್ಜಿದಾರರ ವಕೀಲರು, ಬಣ್ಣ ಬಣ್ಣದ ಚೀಟಿ ಅಂಟಿಸಿದ ದಪ್ಪ ಫೈಲು, ಅದರ ಮೇಲೆ ಒಂದು ಭೂತಗನ್ನಡಿ. ಅವರ ಪಕ್ಕ ಕಾರ್ಖಾನೆಯ ಒಡತಿ, ಮಡಿಲಲ್ಲಿ ಒಂದು ಊಟದ ಡಬ್ಬಿ ಹಿಡಿದುಕೊಂಡು. ವಕೀಲರು ಅವಳ ಅಕ್ಕನ ಗಂಡ ಎಂಬುದು ಕೂತ ಅರ್ಧ ನಿಮಿಷದಲ್ಲಿ ಎಲ್ಲರಿಗೂ ತಿಳಿಯಿತು. "ಭಾವ, ಮೆಲ್ಲಗೆ ಮಾತಾಡಿ," "ಭಾವ, ನೀರು ಕುಡೀರಿ" ಎಂದು ಅವಳು ಮೊಣಕೈಯಲ್ಲಿ ತಿವಿಯುತ್ತಲೇ ಇದ್ದಳು.

ವಕೀಲರು ಗಂಟಲು ಸರಿಪಡಿಸಿಕೊಂಡು ಎದ್ದರು. "ಮಾನ್ಯ ಮುಖ್ಯಸ್ಥರೇ. ಪರೀಕ್ಷಕರು ಹಳೆಯ ಚಿತ್ರದಲ್ಲಿ ಮೂರು ಪಾಯಿಂಟ್ ಒಂದು ಮಿಲಿಮೀಟರ್ ಕಂಡಿದ್ದಾರೆ. ಆದರೆ ನಾವು ಅತ್ಯಂತ ಎಚ್ಚರಿಕೆಯಿಂದ..."

"ಸರ್, ಒಂದು ನಿಮಿಷ," ಎಂದಳು ಪರೀಕ್ಷಕಿ. "ನೀವು ಶುರು ಮಾಡೋ ಮುಂಚೆ ನಾನೊಂದು ಮಾತು ಹೇಳ್ಬೇಕು. ಆ ಆಕ್ಷೇಪಣೆ ನಾನು ವಾಪಸ್ ತಗೋತೀನಿ."

ಮುಖ್ಯಸ್ಥರ ಕನ್ನಡಕ ಇನ್ನೂ ಒಂದು ಮೆಟ್ಟಿಲು ಕೆಳಗಿಳಿಯಿತು. "ಯಾಕೆ?"

"ಚಿತ್ರ ಅಳೆದಿದ್ದೆ ಸರ್."

"ಏನು?"

"ಚಿತ್ರಾನ ಅಳೆದಿದ್ದೆ. ವರ್ನಿಯರ್ ಇಟ್ಟು."

"ನೀವಾ?"

"ನಾನೇ."

ವಕೀಲರ ದನಿ ಬಂತು, ಗಾಳಿ ಬಿಟ್ಟ ಬಲೂನಿನಂತೆ: "ಅಲ್ಲಾ ಮೇಡಂ... ನಾವು ಅಳೆದಾಗ ಎರಡು ಪಾಯಿಂಟ್ ಏಳು ಬಂದಿತ್ತಲ್ಲ? ನಾನು ಅದನ್ನೇ ವಾದ ಮಾಡೋಕೆ ಬಂದಿದ್ದೆ."

"ನಿಮ್ಮದೂ ಚಿತ್ರಾನೇ ತಾನೇ ಸರ್? ಅದೂ ಅಷ್ಟೇ. ನಿಮ್ಮ ಪ್ರಿಂಟರ್ ಇನ್ನೂ ಸ್ವಲ್ಪ ಜಿಪುಣ."

ಒಡತಿ ಕೈಯಿಂದ ಬಾಯಿ ಮುಚ್ಚಿಕೊಂಡಳು, ಆದರೆ ನಗು ಬೆರಳ ಸಂದಿಯಿಂದ ಆಚೆ ಬಂತು. "ಭಾವ, ಭಾನುವಾರ ಪೂರ್ತಿ ಭೂತಗನ್ನಡಿ ಹಿಡ್ಕೊಂಡು ಕೂತಿದ್ರಲ್ಲ, ಅಕ್ಕ ಊಟಕ್ಕೆ ಕರೆದ್ರೂ ಏಳ್ಲಿಲ್ಲ."

"ನೀನು ಸುಮ್ನಿರು," ಎಂದರು ವಕೀಲರು. ಆದರೆ ಬಿದ್ದ ಜಟ್ಟಿ ಮೀಸೆ ಒರೆಸಿಕೊಂಡು ಎದ್ದೇ ಬಿಟ್ಟ. "ಒಟ್ಟಿನಲ್ಲಿ ಆಕ್ಷೇಪಣೆ ಬಿತ್ತು. ಹಾಗಾದರೆ ನಮ್ಮ ಪೇಟೆಂಟು ಇದ್ದ ಹಾಗೇ ಕೊಟ್ಟುಬಿಡಿ."

"ಇದ್ದ ಹಾಗೆ ಆಗಲ್ಲ ಸರ್," ಎಂದಳು ಪರೀಕ್ಷಕಿ. ಚೀಲದಿಂದ ಅತ್ತೆಯ ಕೆಂಪು ಕೊಡೆ ತೆಗೆದು ಮೇಜಿನ ಮೇಲಿಟ್ಟಳು.

ಮುಖ್ಯಸ್ಥರು ಕೊಡೆಯನ್ನು, ಅವಳನ್ನು, ಮತ್ತೆ ಕೊಡೆಯನ್ನು ನೋಡಿದರು. "ಇಷ್ಟು ಬೇಗ ತಯಾರಿನಾ?"

"ಅದಕ್ಕಲ್ಲ ಸರ್. ನೋಡಿ, ಇದು ಈಗ ಮಡಚಿದ ಕೊಡೆ." ಗುಂಡಿ ಒತ್ತಿದಳು. ಅತ್ತೆಯ ಕೊಡೆಗೆ ಸಣ್ಣದಾಗಿ ಬಿಚ್ಚಿಕೊಳ್ಳುವ ಅಭ್ಯಾಸವಿರಲಿಲ್ಲ. ಧಡ್ ಎಂದು ಅರಳಿ, ಒಂದು ನೀರಿನ ಲೋಟವನ್ನು ಉರುಳಿಸಿ, ಮುಖ್ಯಸ್ಥರನ್ನು ಪೂರ್ತಿ ಮರೆಮಾಡಿತು. ಕೊಡೆಯ ಹಿಂದಿನಿಂದ ಅವರ ದನಿ ಬಂತು: "ಮುಂದುವರಿಸಿ."

"ಇದು ಈಗಲೂ ಮಡಚುವ ಕೊಡೇನೇ, ಆದರೆ ಮಡಚಿದ ಕೊಡೆ ಅಲ್ಲ," ಎನ್ನುತ್ತ ಅವಳು ಕರವಸ್ತ್ರದಿಂದ ನೀರೊರೆಸಿದಳು. "ಮಡಚುವ ಅನ್ನೋದು ಅದರ ಕೈಲಾಗೋ ಕೆಲಸ. ಮಡಚಿದ ಅನ್ನೋದು ಅದು ಇರೋ ರೂಪ. ನಿಮ್ಮ ಕ್ಲೇಮು ಬಾಗುವ ಪಟ್ಟಿ ಅನ್ನತ್ತೆ. ಹಳೇ ಪಟ್ಟೀನೂ ಒತ್ತಿದ್ರೆ ಬಾಗತ್ತೆ. ಆಗ ನಿಮ್ಮ ಬೇಲಿ ಒಳಗೆ ಹಳೇದೂ ಬಂತು. ಹಳೇದನ್ನ ಹೊಸದು ಅಂತ ನಾನು ಬರೆಯೋ ಹಾಗಿಲ್ಲ."

"ನಾನು ಬರೆದಿದ್ದು ಬಾಗಿದ ಅಂತಾನೇ!" ಒಡತಿ ಕುರ್ಚಿಯಿಂದ ಅರ್ಧ ಎದ್ದಳು. "ಬಿಸಿ ಅಚ್ಚಲ್ಲಿ ಒತ್ತಿ ತೆಗೀತೀವಿ ಮೇಡಂ, ಒಂಟೆ ಬೆನ್ನಿನ ಹಾಗೆ ಡುಬ್ಬ ಇಟ್ಕೊಂಡೇ ಆಚೆ ಬರತ್ತೆ. ಇವರೇ ತಿದ್ದಿದ್ದು. 'ಗಿದ' ತೆಗೆದು 'ಗುವ' ಹಾಕಿದ್ರು."

"ನಿನ್ನ ಒಳ್ಳೇದಕ್ಕೇ ಕಣಮ್ಮ. ಬೇಲಿ ಸ್ವಲ್ಪ ಆಚೆ ಹಾಕೋಣ ಅಂತ."

"ಆಚೆ ಹಾಕೋಕೆ ಹೋಗಿ ಪಕ್ಕದ ಮನೆ ಅಡುಗೆಮನೆ ಒಳಗೆ ಹಾಕಿದ್ದೀರಿ ಭಾವ."

ವಕೀಲರು ಪಟ್ಟು ಬಿಡಲಿಲ್ಲ. 'ಬಾಗಿದ' ಎಂದರೆ ನಾಳೆ ಯಾರಾದರೂ ಸಪಾಟಾದ ಪಟ್ಟಿ ತಂದು, ಜೋಡಿಸುವಾಗ ಕೈಯಲ್ಲಿ ಬಾಗಿಸಿ, ನಮ್ಮದು ಬೇರೆ ಎಂದು ತಪ್ಪಿಸಿಕೊಳ್ಳುತ್ತಾರೆ ಎಂದರು. ಮಾತು ನ್ಯಾಯವಾಗಿತ್ತು, ಪರೀಕ್ಷಕಿಗೂ ಅದು ಹೊಳೆದಿತ್ತು. ಎಲ್ಲರೂ ಒಡತಿಯ ಕಡೆ ತಿರುಗಿದರು, ಕೊಡೆಯ ಹಿಂದಿದ್ದವರೂ ಸೇರಿ.

"ತಪ್ಪಿಸ್ಕೊಳ್ಲಿ ಬಿಡಿ," ಎಂದಳು ಅವಳು. "ಅದನ್ನ ನಾವು ಮೊದಲನೇ ವರ್ಷವೇ ಮಾಡಿ ಕೈ ಸುಟ್ಕೊಂಡಿದ್ದೀವಿ. ಕೈಯಲ್ಲಿ ಬಾಗಿಸಿದ ಪಟ್ಟಿ ಮತ್ತೆ ನೆಟ್ಟಗಾಗೋಕೆ ನೋಡತ್ತೆ. ಹಗಲೂ ರಾತ್ರಿ ಬೆಸುಗೆ ಎಳೀತಾನೇ ಇರತ್ತೆ. ಮಳೆಗಾಲ ಮುಗಿಯೋದರೊಳಗೆ ಕಿತ್ಕೊಂಡ್ ಬರತ್ತೆ. ಅಚ್ಚಲ್ಲಿ ಬಾಗಿದ್ದೇ ಆಗ್ಬೇಕು. ನನಗೆ ಬೇಕಿರೋದು ಅಷ್ಟು ಜಾಗವೇ. ಜಾಸ್ತಿ ಬೇಡ."

ಪರೀಕ್ಷಕಿ ಕೊಡೆ ಮಡಚಿದಳು. ಮುಖ್ಯಸ್ಥರು ಮತ್ತೆ ಕಾಣಿಸಿಕೊಂಡರು. ಅವರ ಮುಖದಲ್ಲಿ ಏನೂ ಬದಲಾಗಿರಲಿಲ್ಲ, ಕನ್ನಡಕದ ಮೇಲಿನ ಎರಡು ಹನಿ ನೀರು ಬಿಟ್ಟರೆ.

"ವಕೀಲರೇ, 'ಗುವ' ತೆಗೆದು 'ಗಿದ' ಹಾಕೋಕೆ ಒಪ್ಪಿಗೆನಾ?"

ವಕೀಲರು ನಾದಿನಿಯನ್ನು ನೋಡಿದರು. ನಾದಿನಿ ಮೊಣಕೈ ಸಿದ್ಧ ಮಾಡಿಕೊಂಡಳು. "ಒಪ್ಪಿಗೆ," ಎಂದರು.

"ಒಂದು ಪ್ರಶ್ನೆ. ಹಳೇ ಚಿತ್ರಾನ ನೀವೂ ಅಳೆದ್ರಿ, ಇವರೂ ಅಳೆದ್ರು. ಕಾರ್ಖಾನೆಯವರು ಮಾಡಿರೋ ಪಟ್ಟೀನ ಯಾರಾದ್ರೂ ಅಳೆದಿದ್ದೀರಾ?"

ವಕೀಲರು ಫೈಲು ತಿರುವಿದರು. ಪರೀಕ್ಷಕಿ ಮೇಜು ನೋಡಿದಳು. ಒಡತಿ ಡಬ್ಬಿಯ ಮುಚ್ಚಳ ತೆಗೆದಳು. ಒಳಗೆ ಹತ್ತಿಯ ಮೇಲೆ, ಚಿನ್ನದ ಸರದಷ್ಟು ಜೋಪಾನವಾಗಿ, ಕಂದು ಬಣ್ಣದ ಒಂದು ಪಟ್ಟಿ ಮಲಗಿತ್ತು, ಬೆಸುಗೆಯಿಂದ ಬೆಸುಗೆಗೆ ಒಂದೊಂದು ಡುಬ್ಬ.

"ನನ್ನ ಹತ್ರ ಇದರ ಅಚ್ಚಿದೆ, ಅಳತೆ ಅಚ್ಚಲ್ಲೇ ಇದೆ," ಎಂದಳು. "ಆದ್ರೆ ಪಟ್ಟೀನ ಇಟ್ಕೊಳ್ಳಿ. ಅಳೀರಿ."

"ಪಟ್ಟಿ ಅಳೆದು ಫೈಲಿಗೆ ಬರೀರಿ," ಎಂದರು ಮುಖ್ಯಸ್ಥರು ಪರೀಕ್ಷಕಿಗೆ. "ಪಟ್ಟೀನ. ಚಿತ್ರಾನ ಅಲ್ಲ." ಆಮೇಲೆ ಕನ್ನಡಕ ತೆಗೆದು ಒರೆಸುತ್ತ, ಬೇರೆ ದನಿಯಲ್ಲಿ, "ಆಕ್ಷೇಪಣೆ ಬಿದ್ದಿದೆ. ನೀವೇ ಬೀಳಿಸಿದ್ರೂ ಬಿದ್ದಿದ್ದು ಬಿದ್ದಿದ್ದೇ. ನಿಯಮ ಗೊತ್ತಲ್ಲ?"

"ಗೊತ್ತು ಸರ್."

"ಈ ಅಕ್ಷರದ ವಿಷಯ ಎಲ್ಲಿ ಕಲಿತ್ರಿ?"

"ಮೂಲೆ ಮೇಜಿಂದ ಬಂತು ಸರ್."

"ಹಾಗಾದ್ರೆ ಅಲ್ಲಿ ನಿಮಗೆ ಬೇಜಾರಾಗಲ್ಲ," ಎಂದರು ಮುಖ್ಯಸ್ಥರು. ಅದು ತಮಾಷೆಯೋ ಅಲ್ಲವೋ ಎಂದು ಆ ಕಚೇರಿಯಲ್ಲಿ ಇವತ್ತಿಗೂ ಒಮ್ಮತವಿಲ್ಲ.

ಸಂಜೆ ಮನೆಯಲ್ಲಿ ಅವಳು ಸುದ್ದಿಯನ್ನು ಸಾಧ್ಯವಾದಷ್ಟು ಚಿಕ್ಕದಾಗಿ ಹೇಳಿದಳು. ಗಂಡ ಸಮಾಧಾನಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟರು.

"ಕೊಡೆ ವಿಭಾಗನಾ? ನಿಜವಾಗ್ಲೂ? ಅಬ್ಬಾ, ಇಷ್ಟು ವರ್ಷಕ್ಕೆ ಈಗ್ಲಾದ್ರೂ ನಾಲ್ಕು ಜನರ ಹತ್ರ ನನ್ನ ಸೊಸೆ ಏನ್ ಕೆಲಸ ಮಾಡ್ತಾಳೆ ಅಂತ ಹೇಳ್ಕೋಬಹುದು!" ಕೊಡೆಯನ್ನು ಕೈಗೆತ್ತಿಕೊಂಡು ಕಡ್ಡಿಗಳನ್ನು ಪರೀಕ್ಷಿಸಿದರು. "ಈ ಗುಂಡಿ ಯಾಕಮ್ಮ ಹೀಗೆ ಧಡ್ ಅನ್ನತ್ತೆ? ಮೊದಲು ಅದನ್ನ ವಿಚಾರಿಸು."

ಅವಳಿಗೆ ಅಳು ಬರಬೇಕಿತ್ತು, ನಗು ಬಂತು. ರಾತ್ರಿ ಮಲಗುವಾಗ ಸ್ವಲ್ಪ ಅಳುವೂ ಬಂತು. ಗಂಡ ಅದನ್ನು ಕಂಡರೂ ಕಾಣದವನಂತೆ ದೀಪ ಆರಿಸಿದ.

ಸೋಮವಾರ ಮೇಜುಗಳು ಅದಲುಬದಲಾದವು. ಮೂಲೆಯಲ್ಲಿ ಬೆಳಕು ಕಡಿಮೆ, ಆದರೆ ಖಾನೆಗಳು ದೊಡ್ಡವು. ಮೊದಲ ಅರ್ಜಿ ಧಡ್ ಎನ್ನದೆ ಬಿಚ್ಚುವ ಕೊಡೆಯದ್ದು. ಅವಳು ಅದನ್ನು ಅತ್ತೆಗೆ ಫೋನು ಮಾಡಿ ಹೇಳಬೇಕೆಂದುಕೊಳ್ಳುವಷ್ಟರಲ್ಲಿ ಕಿಟಕಿಯ ಕಡೆಯಿಂದ ಕೂಗು ಬಂತು.

"ವರ್ನಿಯರಕ್ಕಾ! ಸ್ವಲ್ಪ ಬನ್ನಿ. ಆ ಪಟ್ಟಿ ಅಳತೆ ಫೈಲಿಗೆ ಬರೆದೇ ಇಲ್ಲ ನೀವು. ನಾನು ವರ್ನಿಯರ್ ಇಟ್ರೆ ಡುಬ್ಬ ಇಳಿದು ಹೋಗ್ತಿದೆ, ಒಂದೊಂದು ಸಲಕ್ಕೆ ಒಂದೊಂದು ಅಳತೆ ಬರ್ತಿದೆ."

ಕೊಡೆಯಣ್ಣ ಕಿಟಕಿಯ ಬಿಸಿಲಲ್ಲಿ, ಹಣೆಯ ಬೆವರೊರೆಸಿಕೊಳ್ಳುತ್ತ, ವರ್ನಿಯರನ್ನು ಇಕ್ಕಳದಂತೆ ಹಿಡಿದು ಕೂತಿದ್ದ. ಅವಳು ಅದನ್ನು ಅವನ ಕೈಯಿಂದ ಬಿಡಿಸಿಕೊಂಡಳು.

"ಹಿಸುಕಬೇಡಿ ಕೊಡೆಯಣ್ಣ. ಅದು ಬಾಗಿದ್ದೂ ಹೌದು, ಬಾಗುವುದೂ ಹೌದು."

"ಈಗ ನನ್ನನ್ನ ಬ್ಯಾಟರಿಯಣ್ಣ ಅನ್ಬೇಕು."

"ಮೊದಲು ಅಳೆಯೋದು ಕಲೀರಿ, ಆಮೇಲೆ ನಾಮಕರಣ."

ಪಟ್ಟಿಯನ್ನು ಸಪಾಟಾದ ಗಾಜಿನ ಮೇಲೆ ಮಲಗಿಸಿದಳು. ವರ್ನಿಯರಿನ ಬಾಲದಲ್ಲಿರುವ, ಆಳ ಅಳೆಯುವ ಕಡ್ಡಿಯನ್ನು ಮೇಲಿನಿಂದ ನಿಧಾನ ಇಳಿಸುತ್ತ ಬಂದು, ಡುಬ್ಬದ ನೆತ್ತಿಯ ಮೇಲೆ ಇಟ್ಟ ಸಿಗರೇಟು ಕಾಗದದ ಚೂರು ಇನ್ನೇನು ಸಿಕ್ಕಿಕೊಳ್ಳಬೇಕು, ಆದರೆ ಎಳೆದರೆ ಜಾರಬೇಕು, ಅಷ್ಟಕ್ಕೆ ನಿಲ್ಲಿಸಿದಳು. ಉಸಿರು ಹಿಡಿದು ಗೆರೆ ಓದಿದಳು. ಇನ್ನೆರಡು ಡುಬ್ಬಗಳ ಮೇಲೆ ಮತ್ತೆ ಓದಿದಳು. ಮೂರೂ ಸಲ ಒಂದೇ ಬಂತು. ಗಾಜಿನವರೆಗಿನ ಆಳದಲ್ಲಿ ಅದನ್ನೂ ಕಾಗದದ ದಪ್ಪವನ್ನೂ ಕಳೆದು, ಫೈಲಿನಲ್ಲಿ ಬರೆದಳು.

ಡುಬ್ಬದ ಎತ್ತರ ೩.೪ ಮಿಲಿಮೀಟರ್.